ನಿಸ್ತಂತು ಮೈಕಿನೊಳಗಿನ ತಂತಿ

ಸಾವಿರ ಜನ ನೆರೆದ ಸಭೆಯಲ್ಲಿ ಕಟ್ಟಕಡೆಯ ಸಾಲಿನಲ್ಲಿ ಕುಳಿತವನಿಗೂ ವೇದಿಕೆಯ ಮಾತು ಸ್ಪಷ್ಟವಾಗಿ ಕೇಳಿಸಬೇಕೆಂಬುದು ಧ್ವನಿವರ್ಧಕದ ಮೂಲ ಉದ್ದೇಶ. ಪ್ರಾತಃಕಾಲದ ಪ್ರಾರ್ಥನೆಯಿಂದ ಮೊದಲ್ಗೊಂಡು ಭಾಷಣ ಸ್ಪರ್ಧೆ, ಕ್ರೀಡೋತ್ಸವ, ವಾರ್ಷಿಕ ಸ್ನೇಹ ಸಮ್ಮೇಳನಗಳವರೆಗೆ ಶಾಲೆಯ ಯಾವ ಕಾರ್ಯವೂ ಇಂದು ಧ್ವನಿವರ್ಧಕವಿಲ್ಲದೆ ಸಾಗುವುದಿಲ್ಲ. ಅದರಲ್ಲಿಯೂ ಕೈಯಲ್ಲಿ ಹಿಡಿದು ಎಲ್ಲಿ ಬೇಕಾದರೂ ಸಂಚರಿಸಬಹುದಾದ ನಿಸ್ತಂತು ಮೈಕು ಈಗ ಸಣ್ಣ ಊರಿನ ಶಾಲೆಗಳಿಗೂ ಬಂದಿದೆ. ಅನೇಕ ಕಡೆಗಳಲ್ಲಿ ಅದು ಯಾರಾದರೊಬ್ಬ ಹಳೆಯ ವಿದ್ಯಾರ್ಥಿಯೋ ದಾನಿಗಳೋ ಪ್ರೀತಿಯಿಂದ ಕೊಡಿಸಿದ ವಸ್ತುವಾಗಿರುತ್ತದೆ.

ಆದರೆ ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಮೈಕು ಮಾತಿನ ನಡುವೆ ತಟಕ್ಕನೆ ನಿಲ್ಲಲು ತೊಡಗುತ್ತದೆ. ಕೈಯಿಂದ ತಟ್ಟಿದರೆ ಮತ್ತೆ ಹೊತ್ತಿಕೊಳ್ಳುತ್ತದೆ. ಕೊನೆಗೊಂದು ದಿನ ತಟ್ಟಿದರೂ ಹೊತ್ತುವುದಿಲ್ಲ. ‘ಮೈಕು ಕೆಟ್ಟಿತು’ ಎಂಬ ತೀರ್ಪಿನೊಡನೆ ಅದು ಕಪಾಟಿನ ಮೂಲೆಯನ್ನು ಸೇರುತ್ತದೆ. ಹೊಸದಕ್ಕೆ ಹಣ ಒದಗುವವರೆಗೆ ಮಕ್ಕಳು ಗಂಟಲು ಹರಿಯುವಂತೆ ಕೂಗಬೇಕಾಗುತ್ತದೆ. ಹೀಗೆ ಮೂಲೆ ಸೇರಿದ ಮೈಕುಗಳನ್ನು ಬಿಚ್ಚಿ ನೋಡಿದರೆ ಹಲವು ಸಲ ಅವುಗಳ ಧ್ವನಿಗ್ರಾಹಕ ಭಾಗವಾಗಲಿ ಪ್ರಸಾರಕ ಭಾಗವಾಗಲಿ ಕೆಟ್ಟಿರುವುದಿಲ್ಲ. ಬ್ಯಾಟರಿಯ ಗೂಡಿನಿಂದ ಒಳಗಿನ ಫಲಕಕ್ಕೆ ಹೋಗುವ ಒಂದು ಗೇಣಿಗಿಂತ ಚಿಕ್ಕದಾದ ತಂತಿ ಮಾತ್ರ ತುಂಡಾಗಿರುತ್ತದೆ. ಆ ತಂತಿಯ ಸ್ಥಾನದಲ್ಲಿ ಯಾವ ತಂತಿಯನ್ನು ಹಾಕಬೇಕು, ಅದು ಎಲ್ಲಿ ದೊರೆಯುತ್ತದೆ, ಹೇಗೆ ಜೋಡಿಸಬೇಕು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಹೆಸರು ನಿಸ್ತಂತು, ಒಳಗೆ ತಂತಿ

ನಿಸ್ತಂತು ಮೈಕೆಂದರೆ ಒಂದು ಪುಟ್ಟ ರೇಡಿಯೊ ಪ್ರಸಾರ ಕೇಂದ್ರವೆಂದೇ ತಿಳಿಯಬಹುದು. ಬಾಯಿಯ ಬಳಿಯ ಜಾಲರಿಯ ಹಿಂದಿರುವ ಭಾಗವು ಧ್ವನಿಯನ್ನು ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸುತ್ತದೆ. ಹಿಡಿಯೊಳಗಿನ ಫಲಕವು ಆ ಸಂಕೇತವನ್ನು ರೇಡಿಯೊ ಅಲೆಗಳಿಗೆ ಏರಿಸಿ ಕಳುಹಿಸುತ್ತದೆ. ವೇದಿಕೆಯ ಬದಿಯಲ್ಲಿರುವ ಗ್ರಾಹಕ ಪೆಟ್ಟಿಗೆಯು ಅದನ್ನು ಹಿಡಿದು ಆಂಪ್ಲಿಫೈಯರಿಗೆ ಒಪ್ಪಿಸುತ್ತದೆ. ಅಮೆರಿಕದ ಶೂರ್ ಸಂಸ್ಥೆಯು 1953ರಲ್ಲಿ ‘ವ್ಯಾಗಬಾಂಡ್’ ಎಂಬ ಹೆಸರಿನಲ್ಲಿ ಇಂಥ ಮೈಕನ್ನು ಹೊರತಂದಾಗ ಅದು ಕಿವುಡರ ಶ್ರವಣ ಸಾಧನಕ್ಕೆ ಬಳಸುವ ಬ್ಯಾಟರಿಗಳಿಂದ ನಡೆಯುತ್ತಿತ್ತು. ಅಂದಿನಿಂದ ಇಂದಿನವರೆಗೆ ಒಳಗಿನ ವಿದ್ಯೆ ಎಷ್ಟೋ ಮುಂದುವರಿದಿದೆ. ಆದರೆ ಬ್ಯಾಟರಿಯಿಂದ ಫಲಕಕ್ಕೆ ವಿದ್ಯುತ್ತು ಹರಿಯುವ ಹಾದಿ ಮಾತ್ರ ಲೋಹದ ಹಾದಿಯಾಗಿಯೇ ಉಳಿದಿದೆ.

ಇಂದಿನ ಹೆಚ್ಚಿನ ಕೈಮೈಕುಗಳಲ್ಲಿ ‘ಎಎ’ ಅಳತೆಯ ಎರಡು ಸೆಲ್ಲುಗಳಿರುತ್ತವೆ. ಕೆಲವು ಮಾದರಿಗಳಲ್ಲಿ 9 ವೋಲ್ಟಿನ ಚೌಕಾಕಾರದ ಬ್ಯಾಟರಿಯಿರುತ್ತದೆ. ಸೆಲ್ಲು ಕೂರುವ ಪ್ಲಾಸ್ಟಿಕ್ ಗೂಡಿನ ಒಂದು ತುದಿಯಲ್ಲಿ ಸುರುಳಿ ಸ್ಪ್ರಿಂಗು, ಇನ್ನೊಂದು ತುದಿಯಲ್ಲಿ ತಗಡಿನ ತುಣುಕು ಇರುತ್ತವೆ. ಇವೆರಡರಿಂದ ಹೊರಟ ಕೆಂಪು ಮತ್ತು ಕಪ್ಪು ತಂತಿಗಳು ಫಲಕವನ್ನು ತಲಪುತ್ತವೆ. ಬ್ಯಾಟರಿ ಬದಲಾಯಿಸಲು ಹಿಡಿಯನ್ನು ತಿರುಪಿದಾಗಲೂ, ಗೂಡನ್ನು ಎಳೆದಾಗಲೂ, ಮೈಕು ಕೈಜಾರಿ ನೆಲಕ್ಕೆ ಬಿದ್ದಾಗಲೂ ಪೆಟ್ಟು ತಿನ್ನುವುದು ಈ ಎರಡು ತಂತಿಗಳೇ.

ತಂತಿ ಕೆಡುವ ಎರಡು ಬಗೆ

ಮೊದಲನೆಯ ಕಾರಣ ಬಾಗುವಿಕೆ. ಯಾವ ಲೋಹವನ್ನೇ ಆಗಲಿ ಒಂದೇ ಸ್ಥಳದಲ್ಲಿ ಮತ್ತೆ ಮತ್ತೆ ಬಾಗಿಸಿದರೆ ಅದು ಬಳಲಿ ಮುರಿಯುತ್ತದೆ. ಬೆಸುಗೆ ಹಾಕಿದ ತಂತಿಯಲ್ಲಿ ಈ ಸ್ಥಳ ಯಾವುದೆಂಬುದು ಬಹುಮಟ್ಟಿಗೆ ನಿಶ್ಚಿತ. ಕರಗಿದ ಬೆಸುಗೆಯು ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ತಾಮ್ರದ ಎಳೆಗಳ ನಡುವೆ ಏರಿ, ಅಷ್ಟು ದೂರ ತಂತಿಯನ್ನು ಕಡ್ಡಿಯಂತೆ ಬಿರುಸಾಗಿಸುತ್ತದೆ. ಬಿರುಸಾದ ಭಾಗ ಮುಗಿದು ಮೆತ್ತನೆಯ ಭಾಗ ಆರಂಭವಾಗುವ ಗಡಿಯಲ್ಲಿ ಬಾಗುವಿಕೆಯೆಲ್ಲ ಕೇಂದ್ರೀಕೃತವಾಗುತ್ತದೆ. ಎಳೆಗಳು ಒಂದೊಂದಾಗಿ ಕಡಿಯುವುದು ಅಲ್ಲಿಯೇ. ಹೊರಗಿನ ಹೊದಿಕೆ ಹರಿಯದೆ ಉಳಿದಿರುವುದರಿಂದ ಕಣ್ಣಿಗೆ ತಂತಿ ಸರಿಯಾಗಿಯೇ ಕಾಣುತ್ತದೆ. ತಟ್ಟಿದಾಗ ಹೊತ್ತಿಕೊಳ್ಳುವ ಮೈಕಿನ ರಹಸ್ಯ ಇದು: ತುಂಡಾದ ತುದಿಗಳು ಹೊದಿಕೆಯೊಳಗೆ ಒಮ್ಮೆ ತಾಗುತ್ತವೆ, ಇನ್ನೊಮ್ಮೆ ಅಗಲುತ್ತವೆ.

ಎರಡನೆಯ ಕಾರಣ ಸೆಲ್ಲಿನಿಂದ ಸೋರುವ ದ್ರವ. ಸಭೆ ಮುಗಿದ ಮೇಲೆ ಸೆಲ್ಲುಗಳನ್ನು ಒಳಗೇ ಬಿಟ್ಟು ರಜೆಗೆ ಹೋದರೆ, ಶಕ್ತಿ ತೀರಿದ ಸೆಲ್ಲಿನಲ್ಲಿ ಅನಿಲ ಹುಟ್ಟಿ, ಒತ್ತಡ ಹೆಚ್ಚಿ, ಮುದ್ರೆ ಬಿಟ್ಟುಕೊಳ್ಳುತ್ತದೆ. 1950ರ ದಶಕದಲ್ಲಿ ಲೂಯಿಸ್ ಉರ‍್ರಿ ಎಂಬ ಕೆನಡಾದ ಎಂಜಿನಿಯರರು ರೂಪಿಸಿದ ಆಲ್ಕಲೈನ್ ಸೆಲ್ಲಿನೊಳಗೆ ಇರುವುದು ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಎಂಬ ತೀಕ್ಷ್ಣ ಕ್ಷಾರ. ಹೊರಬಂದ ಈ ಕ್ಷಾರವು ಗಾಳಿಯ ಇಂಗಾಲದ ಡೈ ಆಕ್ಸೈಡಿನೊಡನೆ ಸೇರಿ ಬಿಳಿಯ ಪುಡಿಯಾಗುತ್ತದೆ. ಗೂಡಿನಲ್ಲಿ ಕಾಣುವ ಸುಣ್ಣದಂತಹ ಪುಡಿ ಇದೇ. ಕ್ಷಾರವು ಸ್ಪ್ರಿಂಗಿಗೆ ಮಾತ್ರ ಅಂಟಿ ನಿಲ್ಲುವುದಿಲ್ಲ. ತಂತಿಯ ಹೊದಿಕೆಯೊಳಗೆ, ವಿಶೇಷವಾಗಿ ಋಣ ಧ್ರುವದ ಕಪ್ಪು ತಂತಿಯೊಳಗೆ, ತೆವಳುತ್ತ ಮುಂದೆ ಸಾಗಿ ತಾಮ್ರವನ್ನು ಕಪ್ಪಾಗಿಸುತ್ತದೆ. ಹೀಗೆ ಕಪ್ಪಾದ ತಾಮ್ರಕ್ಕೆ ಬೆಸುಗೆ ಹತ್ತುವುದಿಲ್ಲ. ಆದುದರಿಂದ ತುಂಡಾದ ತಂತಿಯ ತುದಿಯನ್ನು ಸುಲಿದು ಮತ್ತೆ ಅಂಟಿಸುವ ಪ್ರಯತ್ನ ಅನೇಕ ವೇಳೆ ವಿಫಲವಾಗುತ್ತದೆ. ಹೊಳೆಯುವ ಕೆಂಬಣ್ಣದ ತಾಮ್ರ ಕಾಣುವವರೆಗೆ ಕತ್ತರಿಸುತ್ತ ಹೋದರೆ ತಂತಿಯೇ ಸಾಲದಾಗುತ್ತದೆ. ಬದಲಿ ತಂತಿಯ ಅಗತ್ಯ ಬೀಳುವುದು ಇಲ್ಲಿಯೇ.

ದೋಷವನ್ನು ಕಂಡುಹಿಡಿಯುವ ಕ್ರಮ

ಬಿಚ್ಚುವುದಕ್ಕೆ ಮೊದಲು ದೋಷ ತಂತಿಯಲ್ಲಿಯೇ ಇದೆಯೆಂದು ಖಚಿತಪಡಿಸಿಕೊಳ್ಳುವುದು ವಿವೇಕ. ಇದಕ್ಕೆ ಸಾಮಾನ್ಯ ಮಲ್ಟಿಮೀಟರೊಂದು ಸಾಕು. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಅದು ಇರಬಹುದು. ಸೆಲ್ಲುಗಳನ್ನು ತೆಗೆದು, ಮೀಟರಿನ ಒಂದು ಕಡ್ಡಿಯನ್ನು ಸ್ಪ್ರಿಂಗಿಗೂ ಇನ್ನೊಂದನ್ನು ಅದೇ ತಂತಿ ಫಲಕಕ್ಕೆ ಸೇರುವ ಸ್ಥಳಕ್ಕೂ ತಾಗಿಸಿ, ತಂತಿಯನ್ನು ಮೆಲ್ಲಗೆ ಅಲುಗಾಡಿಸಬೇಕು. ಸದ್ದು ಕಡಿಯದೆ ಬಂದರೆ ತಂತಿ ಸರಿಯಾಗಿದೆ. ಬಂದು ಬಂದು ನಿಂತರೆ ಒಳಗೆ ತುಂಡಾಗಿದೆ.

ಇನ್ನೂ ಸೂಕ್ಷ್ಮವಾದ ಪರೀಕ್ಷೆಯೊಂದಿದೆ. ಸೆಲ್ಲು ಹಾಕಿ ಮೈಕನ್ನು ಚಾಲೂ ಮಾಡಿ, ಮೊದಲು ಸೆಲ್ಲಿನ ತುದಿಗಳ ನಡುವೆಯೂ ಅನಂತರ ಫಲಕದ ಮೇಲೆ ತಂತಿಗಳು ಸೇರುವ ಬಿಂದುಗಳ ನಡುವೆಯೂ ವೋಲ್ಟೇಜನ್ನು ಅಳೆಯಬೇಕು. ಎರಡೂ ಹೆಚ್ಚುಕಡಿಮೆ ಒಂದೇ ಆಗಿರತಕ್ಕದ್ದು. ವ್ಯತ್ಯಾಸ ಕಂಡರೆ ಅಷ್ಟು ವಿದ್ಯುತ್ತು ನಡುದಾರಿಯಲ್ಲಿ ನಷ್ಟವಾಗುತ್ತಿದೆಯೆಂದು ಅರ್ಥ.

ಈ ನಷ್ಟದ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಮೈಕು 150 ಮಿಲಿಆಂಪಿಯರ್ ವಿದ್ಯುತ್ತನ್ನು ಬಳಸುತ್ತದೆಂದೂ 2 ವೋಲ್ಟಿಗಿಂತ ಕೆಳಗಿಳಿದರೆ ಆರಿಹೋಗುತ್ತದೆಂದೂ ಭಾವಿಸಿರಿ. ತುಕ್ಕು ಹಿಡಿದ ಸ್ಪ್ರಿಂಗು ಮತ್ತು ಅರ್ಧ ಕಡಿದ ತಂತಿ ಸೇರಿ 3 ಓಮ್ ರೋಧ ಒಡ್ಡಿದರೆ 0.45 ವೋಲ್ಟು ಅಲ್ಲಿಯೇ ಕರಗುತ್ತದೆ. ಹೊಸ ಆಲ್ಕಲೈನ್ ಸೆಲ್ಲುಗಳೆರಡು ಸೇರಿ 3 ವೋಲ್ಟು ಕೊಡುವುದರಿಂದ ಫಲಕಕ್ಕೆ 2.55 ವೋಲ್ಟು ತಲಪಿ ಮೈಕು ಕೆಲಸ ಮಾಡುತ್ತದೆ. ಅದೇ ಮರುಪೂರಣ ಮಾಡಬಹುದಾದ ನಿಕಲ್-ಮೆಟಲ್ ಹೈಡ್ರೈಡ್ ಸೆಲ್ಲುಗಳೆರಡರ ಮೊತ್ತ 2.4 ವೋಲ್ಟು ಮಾತ್ರ; ಫಲಕಕ್ಕೆ ಉಳಿಯುವುದು 1.95. ಮೈಕು ಹೊತ್ತುವುದೇ ಇಲ್ಲ. ‘ಈ ಮೈಕಿಗೆ ದುಬಾರಿ ಸೆಲ್ಲೇ ಆಗಬೇಕು, ಅದೂ ಒಂದೇ ಕಾರ್ಯಕ್ರಮಕ್ಕೆ ತೀರುತ್ತದೆ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಈ 3 ಓಮುಗಳೇ.

ಬದಲಿ ತಂತಿ ಎಂಥದಿರಬೇಕು

ತಂತಿ ದಪ್ಪವಾಗಿದ್ದಷ್ಟೂ ಒಳ್ಳೆಯದೆಂಬುದು ಸಾಮಾನ್ಯ ತಿಳಿವಳಿಕೆ. ಮನೆಯ ವಿದ್ಯುತ್ ಸಂಪರ್ಕದ ಮಟ್ಟಿಗೆ ಅದು ಸತ್ಯ. ಮೈಕಿನ ಗೂಡಿನ ಮಟ್ಟಿಗೆ ಅಲ್ಲ. ಅಮೆರಿಕನ್ ಗೇಜ್ ಪದ್ಧತಿಯಲ್ಲಿ 28ನೆಯ ಗೇಜಿನ ತಾಮ್ರದ ತಂತಿಯ ಅಡ್ಡಕೊಯ್ತ ಸುಮಾರು 0.08 ಚದರ ಮಿ.ಮೀ. ಅದರ ರೋಧ ಒಂದು ಮೀಟರಿಗೆ ಸುಮಾರು 0.21 ಓಮ್. ಗೂಡಿನಿಂದ ಫಲಕಕ್ಕೆ ಹೋಗಿ ಬರುವ ಎರಡು ತಂತಿಗಳೂ ಸೇರಿ 20 ಸೆಂಟಿಮೀಟರು ಎಂದರೆ 0.04 ಓಮ್ ಆಯಿತು. 150 ಮಿಲಿಆಂಪಿಯರಿಗೆ ಇದರಲ್ಲಿ ನಷ್ಟವಾಗುವುದು 6 ಮಿಲಿವೋಲ್ಟು, ಅಂದರೆ ಒಂದು ವೋಲ್ಟಿನ ನೂರೈವತ್ತನೆಯ ಒಂದು ಪಾಲಿನಷ್ಟು. ನಗಣ್ಯವಾದ ನಷ್ಟ. ಆದಕಾರಣ 28ನೆಯ ಗೇಜಿನ ನವುರಾದ ತಂತಿಯೂ ಈ ಕೆಲಸಕ್ಕೆ ಧಾರಾಳವಾಗಿ ಸಾಕು. 26 ಅಥವಾ 24ನೆಯ ಗೇಜು ಆದರೂ ಆಗಬಹುದು. ಅದಕ್ಕಿಂತ ದಪ್ಪವಾದರೆ ಕಿರಿದಾದ ಹಿಡಿಯೊಳಗೆ ಹಿಡಿಸದೆ, ಹಿಡಿಸಿದರೂ ಬಾಗದೆ, ಬೆಸುಗೆಯನ್ನೇ ಕಿತ್ತುಹಾಕುತ್ತದೆ.

ದಪ್ಪಕ್ಕಿಂತ ಮುಖ್ಯವಾದುದು ಎಳೆಗಳ ಸಂಖ್ಯೆ. ತಂತಿ ಬಾಗಿದಾಗ ಅದರ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಈ ಹಿಗ್ಗುವಿಕೆ ಎಳೆಯ ವ್ಯಾಸಕ್ಕೆ ಅನುಗುಣವಾಗಿರುತ್ತದೆ. ಅರ್ಧ ಮಿ.ಮೀ. ವ್ಯಾಸದ ಒಂಟಿ ಎಳೆಯನ್ನು 5 ಮಿ.ಮೀ. ತ್ರಿಜ್ಯದಲ್ಲಿ ಬಾಗಿಸಿದರೆ ಅದರ ಹೊರಮೈ ಸುಮಾರು ಶೇಕಡ 5ರಷ್ಟು ಹಿಗ್ಗಬೇಕಾಗುತ್ತದೆ. 0.08 ಮಿ.ಮೀ. ವ್ಯಾಸದ ನವುರು ಎಳೆ ಅದೇ ಬಾಗಿಗೆ ಶೇಕಡ 0.8ರಷ್ಟು ಹಿಗ್ಗಿದರೆ ಸಾಕು. ಆರು ಪಟ್ಟಿನ ಈ ಅಂತರವೇ ತಂತಿಯ ಆಯುಸ್ಸನ್ನು ನಿರ್ಣಯಿಸುತ್ತದೆ. ಒಂಟಿ ಎಳೆಯ ತಂತಿ ಸುಲಭವಾಗಿ ಕೈಗೆ ಸಿಗುತ್ತದೆ, ಬೆಸುಗೆಗೂ ಸುಲಭ. ಆದರೆ ಕೆಲವೇ ಸಲ ಬಾಗಿದೊಡನೆ ಮುರಿಯುತ್ತದೆ. ಒಮ್ಮೆ ದುರಸ್ತಿಯಾದ ಮೈಕು ತಿಂಗಳೊಳಗೆ ಮತ್ತೆ ಕೆಟ್ಟರೆ ಇದೇ ಕಾರಣವಿರಬಹುದು.

ಮೂರನೆಯದು ಹೊದಿಕೆ. ಸಾಮಾನ್ಯ ತಂತಿಯ ಪಿ.ವಿ.ಸಿ. ಹೊದಿಕೆ ಬೆಸುಗೆಯ ಕಾವಿಗೆ ಕುಗ್ಗಿ ಹಿಂದೆ ಸರಿದು ತಾಮ್ರವನ್ನು ಬತ್ತಲೆ ಬಿಡುತ್ತದೆ, ಕೈಚಳಕವಿದ್ದರೆ ತೊಂದರೆಯಿಲ್ಲ. ಸಿಲಿಕೋನ್ ರಬ್ಬರಿನ ಹೊದಿಕೆಯಾದರೆ 200 ಡಿಗ್ರಿ ಸೆಲ್ಸಿಯಸ್ ತಾಪವನ್ನು ಸಹಿಸುತ್ತದೆ, ದಾರದಂತೆ ಮೃದುವಾಗಿ ಬಾಗುತ್ತದೆ. ಸಿಲಿಕೋನ್ ಹೊದಿಕೆಯ 28ನೆಯ ಗೇಜಿನ ತಂತಿಯಲ್ಲಿ ಸಾಮಾನ್ಯವಾಗಿ 0.08 ಮಿ.ಮೀ. ವ್ಯಾಸದ 16 ಎಳೆಗಳೂ 24ನೆಯ ಗೇಜಿನಲ್ಲಿ ಅಂಥವೇ 40 ಎಳೆಗಳೂ ಇರುತ್ತವೆ. ಈ ಕೆಲಸಕ್ಕೆ ಇದಕ್ಕಿಂತ ಮಿಗಿಲಾದ ತಂತಿಯಿಲ್ಲ. ಆದರೆ ಆ ಹೊದಿಕೆ ಹರಿತವಾದ ಅಂಚಿಗೆ ಬೇಗ ಹರಿಯುತ್ತದೆಯಾದ್ದರಿಂದ ತಗಡಿನ ಅಂಚಿಗೆ ತಾಗದಂತೆ ಹಾಯಿಸಬೇಕು.

ತಂತಿ ಎಲ್ಲಿ ದೊರೆಯುತ್ತದೆ

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಅಂದರೆ ಎಲ್ಲರೂ ಎಸ್.ಪಿ. ರಸ್ತೆಯೆಂದು ಕರೆಯುವ ಬೀದಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಎಲ್ಲ ಬಗೆಯ ತಂತಿಗಳೂ ಮೀಟರಿನ ಲೆಕ್ಕದಲ್ಲಿ ದೊರೆಯುತ್ತವೆ. ಜಿಲ್ಲಾ ಕೇಂದ್ರಗಳಲ್ಲಿ ರೇಡಿಯೊ, ಟಿ.ವಿ. ಬಿಡಿಭಾಗಗಳನ್ನು ಮಾರುವ ಅಂಗಡಿಗಳನ್ನು ವಿಚಾರಿಸಬಹುದು. ಅಲ್ಲಿ ‘ಹುಕ್‌ಅಪ್ ವೈರ್’ ಎಂದು ಕೇಳಬೇಕು. ಅಂಗಡಿಯವರು ‘7/36’, ‘14/38’ ಎಂದು ಸಂಖ್ಯೆಗಳಲ್ಲಿ ಮಾತನಾಡುವುದುಂಟು. ಮೊದಲ ಅಂಕಿ ಎಳೆಗಳ ಸಂಖ್ಯೆ. ಎರಡನೆಯದು ಬ್ರಿಟಿಷ್ ಗೇಜ್ ಪದ್ಧತಿಯಲ್ಲಿ ಒಂದೊಂದು ಎಳೆಯ ಗಾತ್ರ. ಈ ಅಂಕಿ ದೊಡ್ಡದಾದಷ್ಟೂ ಎಳೆ ನವುರು. 36ನೆಯ ಗೇಜಿನ ಎಳೆ 0.19 ಮಿ.ಮೀ., 38ನೆಯದು 0.15 ಮಿ.ಮೀ. ಇರುತ್ತದೆ. ಹೀಗಾಗಿ 7/36 ಎಂಬುದು ಅಮೆರಿಕನ್ ಪದ್ಧತಿಯ 24ನೆಯ ಗೇಜಿಗೂ 7/38 ಎಂಬುದು 26ನೆಯ ಗೇಜಿಗೂ ಬಹುಮಟ್ಟಿಗೆ ಸಮಾನ. ಮೈಕಿಗೆ 7/38 ಒಪ್ಪುತ್ತದೆ. ಅದು ಸಿಗದಿದ್ದರೆ 14/38 ಆಗಬಹುದು. ‘ಒಂಟಿ ಎಳೆಯದು ಬೇಡ, ಹಲವು ಎಳೆಯದು ಬೇಕು’ ಎಂದು ಮಾತ್ರ ಸ್ಪಷ್ಟವಾಗಿ ಹೇಳಬೇಕು.

ಆದರೆ ಒಂದು ಗೇಣು ತಂತಿಗಾಗಿ ಪಟ್ಟಣಕ್ಕೆ ಪ್ರಯಾಣ ಮಾಡುವ ಅಗತ್ಯವಿಲ್ಲ. ಬೇಕಾದ ತಂತಿ ಬಹುಶಃ ಶಾಲೆಯ ಹಳೆಯ ಸಾಮಾನುಗಳಲ್ಲಿಯೇ ಇದೆ. ಕೆಟ್ಟ ಯು.ಎಸ್.ಬಿ. ಕೇಬಲ್ಲೊಂದನ್ನು ಸೀಳಿದರೆ ಒಳಗೆ ಕೆಂಪು, ಕಪ್ಪು, ಹಸಿರು, ಬಿಳಿ ಎಂಬ ನಾಲ್ಕು ತಂತಿಗಳು ಕಾಣುತ್ತವೆ. ಅವುಗಳಲ್ಲಿ ಕೆಂಪು, ಕಪ್ಪು ತಂತಿಗಳು ವಿದ್ಯುತ್ತನ್ನು ಒಯ್ಯುವುದಕ್ಕೆಂದೇ ಇರುವಂಥವು, ಹಲವು ಎಳೆಗಳವು, ಬಣ್ಣದಲ್ಲಿಯೂ ನಮ್ಮ ಅಗತ್ಯಕ್ಕೆ ಸರಿಹೊಂದುವಂಥವು. ಅನೇಕ ಕೇಬಲ್ಲುಗಳ ಮೈಮೇಲೆಯೇ ಗೇಜಿನ ಅಂಕಿ ಮುದ್ರಿತವಾಗಿರುತ್ತದೆ. ಹಳೆಯ ಕಂಪ್ಯೂಟರುಗಳಲ್ಲಿ ಹಾರ್ಡ್‌ಡಿಸ್ಕಿಗೆ ಜೋಡಿಸುತ್ತಿದ್ದ, 40 ತಂತಿಗಳ ಬೂದುಬಣ್ಣದ ಪಟ್ಟಿ ಕೇಬಲ್ಲು 28ನೆಯ ಗೇಜಿನದು. ಒಳಗೆ ಹಲವು ಎಳೆಗಳಿದ್ದರೆ ಅದರ ಒಂದೊಂದು ತಂತಿಯನ್ನು ಉಗುರಿನಿಂದ ಬೇರ್ಪಡಿಸಿ ಬಳಸಬಹುದು. ಕೆಟ್ಟ ಕೀಲಿಮಣೆ, ಮೌಸು, ಟ್ರಾನ್ಸಿಸ್ಟರ್ ರೇಡಿಯೊಗಳ ಒಳಗೂ ಯೋಗ್ಯ ತಂತಿ ದೊರೆಯುತ್ತದೆ.

ಬಳಸಬಾರದ ತಂತಿಗಳೂ ಕೆಲವಿವೆ. ಗೋಡೆಯೊಳಗೆ ಹಾಯಿಸುವ ಕಂಪ್ಯೂಟರ್ ಜಾಲದ ಕೇಬಲ್ಲಿನ ಹಾಗೂ ದೂರವಾಣಿಯ ತಂತಿ ಸಾಮಾನ್ಯವಾಗಿ ಒಂಟಿ ಎಳೆಯದು, ಬೇಗ ಮುರಿಯುತ್ತದೆ. ಕಿವಿಗೆ ಹಾಕಿಕೊಳ್ಳುವ ಇಯರ್‌ಫೋನಿನ ತಂತಿ ಅತ್ಯಂತ ಮೃದುವಾದರೂ ಅದರ ಎಳೆಗಳ ಮೇಲೆ ಬಣ್ಣದ ಅರಗಿನ ಲೇಪವಿದ್ದು ನಡುವೆ ನೈಲಾನ್ ನಾರು ಹೆಣೆದಿರುತ್ತದೆ. ಬೆಸುಗೆ ಹಿಡಿಯುವುದು ಬಹಳ ಕಷ್ಟ. ಮೋಟಾರು ಸುತ್ತುವ ತಂತಿಯೂ ಹಾಗೆಯೇ ಲೇಪಿತವಾದುದು, ಒಂಟಿ ಎಳೆಯದು. ಅಗ್ಗದ ಕೇಬಲ್ಲುಗಳಲ್ಲಿ ಅಲ್ಯೂಮಿನಿಯಮ್ಮಿಗೋ ಉಕ್ಕಿಗೋ ತಾಮ್ರದ ತೆಳುಲೇಪ ಕೊಟ್ಟಿರುವುದುಂಟು. ಚೂರಿಯಿಂದ ಕೆರೆದಾಗ ಒಳಗೆ ಬಿಳಿ ಕಂಡರೆ, ಅಥವಾ ಅಯಸ್ಕಾಂತಕ್ಕೆ ಎಳೆ ಅಂಟಿಕೊಂಡರೆ, ಅದನ್ನು ಬದಿಗಿಡಬೇಕು. ತಾಮ್ರ ಎಷ್ಟು ಕೆರೆದರೂ ಕೆಂಪಾಗಿಯೇ ಇರುತ್ತದೆ.

ಜೋಡಿಸುವ ವಿಧಾನ

ಮೊದಲು ಸೆಲ್ಲುಗಳನ್ನು ಹೊರತೆಗೆಯಬೇಕು. ಯಾವ ಬಣ್ಣದ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆಯೆಂಬುದನ್ನು ಕಾಗದದ ಮೇಲೆ ಬರೆದುಕೊಂಡ ಅನಂತರವೇ ಹಳೆಯ ತಂತಿಗೆ ಕೈಹಚ್ಚತಕ್ಕದ್ದು. ಸ್ಪ್ರಿಂಗು ಋಣ, ತಗಡು ಧನ ಎಂಬುದು ಸಾಮಾನ್ಯ ನಿಯಮವಾದರೂ ಎರಡು ಸೆಲ್ಲುಗಳು ತಲೆಕೆಳಗಾಗಿ ಕೂರುವ ಗೂಡಿನಲ್ಲಿ ಎರಡೂ ಬದಿಗಳಲ್ಲಿ ಎರಡೂ ಬಗೆಯ ಸಂಪರ್ಕಗಳಿರುವುದರಿಂದ ಗುರುತು ಹಾಕಿಕೊಳ್ಳದೆ ಮುಂದುವರಿಯಬಾರದು.

ಸೋರಿದ ಕ್ಷಾರವನ್ನು ತೊಳೆಯುವುದು ಮುಂದಿನ ಕೆಲಸ. ಕ್ಷಾರಕ್ಕೆ ಆಮ್ಲವೇ ಮದ್ದು. ಹತ್ತಿಯ ತುದಿಗೆ ನಿಂಬೆರಸ ಅಥವಾ ವಿನೆಗರ್ ಹಚ್ಚಿ ಒರಸಿದರೆ ಬಿಳಿಯ ಪುಡಿ ನೊರೆಗಟ್ಟಿ ಕರಗುತ್ತದೆ. ಆಮೇಲೆ ಒದ್ದೆ ಹತ್ತಿಯಿಂದಲೂ ಕೊನೆಗೆ ಸ್ಪಿರಿಟ್ಟಿನಿಂದಲೂ ಒರಸಿ ಚೆನ್ನಾಗಿ ಒಣಗಿಸಬೇಕು. ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ 1866ರಲ್ಲಿ ರೂಪಿಸಿದ ಸೆಲ್ಲಿನ ವಂಶಕ್ಕೆ ಸೇರಿದ ಅಗ್ಗದ ಸತು-ಇಂಗಾಲದ ಸೆಲ್ಲು ಸೋರಿದ್ದರೆ ಅದರ ದ್ರವ ಆಮ್ಲಗುಣದ್ದು. ಅದಕ್ಕೆ ನೀರಿನಲ್ಲಿ ಕಲಸಿದ ಅಡುಗೆ ಸೋಡ ತಕ್ಕುದು. ಈ ಕೆಲಸದಲ್ಲಿ ಕೈಗವಸು ಧರಿಸಬೇಕು. ಕಣ್ಣಿಗೆ ಸಿಡಿಯದಂತೆ ಎಚ್ಚರವಿರಬೇಕು.

ಸ್ಪ್ರಿಂಗು ಮತ್ತು ತಗಡು ಸಾಮಾನ್ಯವಾಗಿ ನಿಕ್ಕಲ್ ಲೇಪದ ಉಕ್ಕಿನವು. ಅವುಗಳನ್ನು ಗೂಡಿನಲ್ಲಿಟ್ಟುಕೊಂಡೇ ಬೆಸುಗೆ ಹಾಕಿದರೆ ಸುತ್ತಲಿನ ಪ್ಲಾಸ್ಟಿಕ್ಕು ಕರಗಿ ಗೂಡೇ ಹಾಳಾಗುತ್ತದೆ. ಆ ಪ್ಲಾಸ್ಟಿಕ್ಕು ಮೆತ್ತಗಾಗಲು ನೂರು ಡಿಗ್ರಿಯ ಆಸುಪಾಸಿನ ತಾಪ ಸಾಕು, ಸೀಸ-ತವರದ ಬೆಸುಗೆ ಕರಗುವುದೋ 183 ಡಿಗ್ರಿಗೆ. ಆದುದರಿಂದ ಅವುಗಳನ್ನು ಚಿಮಟದಿಂದ ಮೆಲ್ಲಗೆ ಹೊರಕ್ಕೆ ಜಾರಿಸಿ, ಬೆಸುಗೆ ಹಾಕುವ ಜಾಗವನ್ನು ನಯವಾದ ಮರಳುಕಾಗದದಿಂದ ಉಜ್ಜಿ, ಸ್ವಲ್ಪ ರಾಳ ಹಚ್ಚಿ, ಮೊದಲೇ ತೆಳುವಾಗಿ ಬೆಸುಗೆ ಲೇಪಿಸಿಟ್ಟುಕೊಳ್ಳಬೇಕು. ಹೊಸ ತಂತಿಯ ತುದಿಯನ್ನು 3 ಮಿ.ಮೀ. ಮಾತ್ರ ಸುಲಿದು, ಎಳೆಗಳನ್ನು ಹೊಸೆದು, ಅದಕ್ಕೂ ಹಾಗೆಯೇ ಲೇಪಿಸಬೇಕು. ಹೀಗೆ ಸಿದ್ಧವಾದ ಎರಡನ್ನೂ ಕೂಡಿಸಿ ಕಾಯಿಸಿದರೆ ಎರಡು ಮೂರು ಕ್ಷಣಗಳಲ್ಲಿ ಬೆಸುಗೆ ಬೆರೆಯುತ್ತದೆ. ಕಾವು ಹೆಚ್ಚು ಹೊತ್ತು ತಾಗಿದಷ್ಟೂ ಬೆಸುಗೆ ತಂತಿಯೊಳಗೆ ಏರುತ್ತದೆ. ಏರಿದಷ್ಟೂ ತಂತಿ ಬೇಗ ಮುರಿಯುತ್ತದೆ.

ಹೊಸ ತಂತಿ ಹಳೆಯದರಷ್ಟೇ ಉದ್ದವಿದ್ದು ಅದೇ ಹಾದಿಯಲ್ಲಿ ಸಾಗಬೇಕು. ಬಾಗಲು ಅನುಕೂಲವಾಗುವಂತೆ ಸಣ್ಣದೊಂದು ಸಡಿಲಿಕೆ ಇರಲಿ. ಹಳೆಯ ತಂತಿ ಕಪ್ಪು ಮಣಿಯೊಂದರೊಳಗೆ ಹಾದುಹೋಗಿದ್ದರೆ ಅದು ಅಲಂಕಾರಕ್ಕಾಗಿ ಇಟ್ಟುದಲ್ಲ. ರೇಡಿಯೊ ಅಲೆಗಳು ಬ್ಯಾಟರಿ ತಂತಿಯ ಮೂಲಕ ದಾರಿ ತಪ್ಪದಂತೆ ತಡೆಯುವ ಫೆರೈಟ್ ಮಣಿ ಅದು. ಹೊಸ ತಂತಿಯನ್ನೂ ಅದರೊಳಗೇ ಹಾಯಿಸಬೇಕು. ಬೆಸುಗೆಯ ಗಡಿಯಲ್ಲಿ, ಕಾಯಿಸಿದರೆ ಕುಗ್ಗುವ ಸಣ್ಣ ಕೊಳವೆಯನ್ನೋ ಒಂದು ತೊಟ್ಟು ಬಿಸಿ ಅಂಟನ್ನೋ ಇಟ್ಟರೆ ಬಾಗುವಿಕೆ ಅಲ್ಲಿಗೆ ತಟ್ಟದೆ ತಂತಿಯ ಮೃದುಭಾಗಕ್ಕೆ ಹಂಚಿಹೋಗುತ್ತದೆ.

ಎರಡು ಮುಖ್ಯ ಎಚ್ಚರಿಕೆಗಳು

9 ವೋಲ್ಟಿನ ಬ್ಯಾಟರಿಯ ಮೈಕುಗಳಲ್ಲಿ ತಂತಿಯ ಜೊತೆಗೆ ತುದಿಯ ಗುಂಡಿ ಟೋಪಿಯೂ ಮುರಿಯುವುದುಂಟು. ಹೊಸದು ಸಿಗದಿದ್ದರೆ, ಮುಗಿದುಹೋದ 9 ವೋಲ್ಟಿನ ಬ್ಯಾಟರಿಯ ತಲೆಯನ್ನು ಜಾಗ್ರತೆಯಿಂದ ಬೇರ್ಪಡಿಸಿ ಟೋಪಿಯಾಗಿ ಬಳಸಬಹುದು. ಆದರೆ ಇಲ್ಲಿ ಧ್ರುವಗಳು ಅದಲು ಬದಲಾಗುತ್ತವೆ. ಬ್ಯಾಟರಿಯ ಮೇಲಿನ ಚಿಕ್ಕ ಗುಂಡಿ ಧನ, ದೊಡ್ಡ ಗುಂಡಿ ಋಣ. ಟೋಪಿಯ ಚಿಕ್ಕ ಗುಂಡಿ ಹೊಸ ಬ್ಯಾಟರಿಯ ದೊಡ್ಡ ಗುಂಡಿಯೊಳಗೆ ಕೂರುವುದರಿಂದ ಕಪ್ಪು ತಂತಿಯನ್ನು ಚಿಕ್ಕದಕ್ಕೂ ಕೆಂಪು ತಂತಿಯನ್ನು ದೊಡ್ಡದಕ್ಕೂ ಬೆಸೆಯಬೇಕು. ಇದನ್ನು ಮರೆತು ಚಾಲೂ ಮಾಡಿದರೆ ತಂತಿಯ ದುರಸ್ತಿಗೆ ಹೊರಟವರು ಫಲಕವನ್ನೇ ಕಳೆದುಕೊಂಡಾರು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪೆಟ್ಟಿಗೆಯಿಂದ ಹೊರಗೆ ಜೋತಾಡುವ ತಂತಿಯ ವಿಷಯ ಬೇರೆ. ಅದು ಆಂಟೆನಾ. ಅದರ ಉದ್ದ ಅಲೆಯ ಉದ್ದಕ್ಕೆ ತಕ್ಕಂತೆ ನಿಗದಿಯಾಗಿರುತ್ತದೆ. 600 ಮೆಗಾಹರ್ಟ್ಸ್ ಅಲೆಯ ಕಾಲು ಭಾಗವೆಂದರೆ 12.5 ಸೆಂಟಿಮೀಟರು. ಅದಕ್ಕೆ ಸಿಕ್ಕಿದಷ್ಟು ಉದ್ದದ ತಂತಿಯನ್ನು ಕಟ್ಟಿದರೆ ಧ್ವನಿ ದೂರ ಹೋಗದು.

ಲಿಥಿಯಮ್ ಬ್ಯಾಟರಿಯುಳ್ಳ ಮೈಕುಗಳಲ್ಲಿ ಬ್ಯಾಟರಿಯ ಮೈಗೆ ನೇರವಾಗಿ ಬೆಸುಗೆಯ ಕಾವನ್ನು ಎಂದಿಗೂ ತಾಗಿಸಬಾರದು; ಅದು ಉರಿದೇಳುವ ಅಪಾಯವಿದೆ. ಅಂಥವನ್ನು ತಿಳಿದವರಿಗೆ ಒಪ್ಪಿಸುವುದೇ ಮೇಲು.

ದುರಸ್ತಿ ಮುಗಿದ ಮೇಲೆ ಸೆಲ್ಲು ಹಾಕುವ ಮುನ್ನ ಮತ್ತೊಮ್ಮೆ ಮೀಟರಿನಿಂದ ಎರಡೂ ತಂತಿಗಳನ್ನು ಪರೀಕ್ಷಿಸಿ, ಅವು ಒಂದಕ್ಕೊಂದು ತಾಗಿಲ್ಲವೆಂಬುದನ್ನು ದೃಢಪಡಿಸಿಕೊಳ್ಳಬೇಕು.

ಉಪಸಂಹಾರ

ಇಷ್ಟೆಲ್ಲ ಶ್ರಮ ಒಂದು ಗೇಣು ತಂತಿಗಾಗಿ ಬೇಕೆ ಎಂದು ಯಾರಾದರೂ ಕೇಳಬಹುದು. ಬೇಕು. ತಂತಿಯ ಬೆಲೆ ಕೆಲವೇ ರೂಪಾಯಿ. ಹಳೆಯ ಕೇಬಲ್ಲಿನಿಂದ ತೆಗೆದರೆ ಅದೂ ಇಲ್ಲ. ಆದರೆ ಆ ತಂತಿಯಿಲ್ಲದೆ ಮೂಲೆ ಸೇರುವ ಮೈಕಿನ ಬೆಲೆ ಸಾವಿರಾರು ರೂಪಾಯಿ, ಮತ್ತು ಆ ಹಣ ಯಾರದೋ ದುಡಿಮೆಯದು. ದಾನ ಸಾರ್ಥಕವಾಗುವುದು ವಸ್ತುವನ್ನು ಸ್ವೀಕರಿಸಿ ಹಾರ ಹಾಕಿದ ದಿನದಲ್ಲಿ ಅಲ್ಲ, ಅದು ಬಾಳಿದಷ್ಟು ದಿನಗಳಲ್ಲಿ. ಎಸೆದ ಮೈಕು ಹಾಗೆಯೇ ಮಣ್ಣಾಗುವ ವಸ್ತುವೂ ಅಲ್ಲ. ಎಲೆಕ್ಟ್ರಾನಿಕ್ ತ್ಯಾಜ್ಯದ ನಿರ್ವಹಣೆಗೆ ಭಾರತ ಸರ್ಕಾರವು 2022ರಲ್ಲಿ ಹೊಸ ನಿಯಮಗಳನ್ನು ರೂಪಿಸಿ 2023ರ ಏಪ್ರಿಲ್ 1ರಿಂದ ಜಾರಿಗೆ ತಂದಿರುವುದು ಈ ಹೊರೆ ಎಷ್ಟು ಬೆಳೆದಿದೆಯೆಂಬುದಕ್ಕೆ ಸಾಕ್ಷಿ.

ಆದುದರಿಂದ ಪ್ರತಿ ಶಾಲೆಯೂ ಒಂದು ಸಣ್ಣ ದುರಸ್ತಿ ಪೆಟ್ಟಿಗೆಯನ್ನು ಇರಿಸಿಕೊಳ್ಳುವುದು ಒಳ್ಳೆಯದು. ಅದರಲ್ಲಿ ಕೆಂಪು ಕಪ್ಪು ಬಣ್ಣಗಳ ಒಂದೊಂದು ಮೀಟರು ನವುರು ಎಳೆಯ ತಂತಿ, ಸೋಲ್ಡರಿಂಗ್ ಐರನ್ನು, ಬೆಸುಗೆ, ರಾಳ, ಚಿಮಟ, ಒಂದು ಮಲ್ಟಿಮೀಟರು ಇದ್ದರೆ ಸಾಕು. ಕಾರ್ಯಕ್ರಮ ಮುಗಿದೊಡನೆ ಸೆಲ್ಲುಗಳನ್ನು ಹೊರತೆಗೆದಿಡುವ ಹೊಣೆಯನ್ನು ಒಬ್ಬರಿಗೆ ವಹಿಸಿದರೆ ಅರ್ಧ ಕಾಯಿಲೆ ಬರುವುದೇ ಇಲ್ಲ. ವಿಜ್ಞಾನದ ಅಧ್ಯಾಪಕರು ತಮ್ಮ ಸಮಕ್ಷಮದಲ್ಲಿ ಹಿರಿಯ ತರಗತಿಯ ಮಕ್ಕಳಿಂದ ಈ ಕೆಲಸವನ್ನು ಮಾಡಿಸಬಹುದು. ಕಿಟಕಿ ತೆರೆದಿರಲಿ, ಕೆಲಸದ ಅನಂತರ ಕೈತೊಳೆಯಲಿ. ಪಠ್ಯಪುಸ್ತಕದಲ್ಲಿ ಓಮನ ನಿಯಮವನ್ನು ಕಂಠಪಾಠ ಮಾಡಿದ ಬಾಲಕಿ, 3 ಓಮ್ ರೋಧ ಹೇಗೆ ಒಂದು ಸಭೆಯ ಬಾಯಿ ಕಟ್ಟುತ್ತದೆಯೆಂಬುದನ್ನು ತನ್ನ ಮೀಟರಿನಲ್ಲಿಯೇ ಕಂಡರೆ ಆ ಪಾಠವನ್ನು ಮರೆಯಲಾರಳು. ದಾನಿಗಳಲ್ಲಿಯೂ ಒಂದು ವಿಜ್ಞಾಪನೆ: ಹೊಸ ಉಪಕರಣ ಕೊಡಿಸುವಾಗ ಅದರ ಪಾಲನೆಗೂ ಅಲ್ಪ ಮೊತ್ತವನ್ನು ತೆಗೆದಿರಿಸಿದರೆ ತಮ್ಮ ಕೊಡುಗೆಯ ಆಯುಸ್ಸು ಇಮ್ಮಡಿಯಾದೀತು.

ಈ ವರ್ಷದ ರಜೆಯಲ್ಲಿ ನಮ್ಮ ನಮ್ಮ ಶಾಲೆಗಳ ಕಪಾಟುಗಳನ್ನು ಒಮ್ಮೆ ತೆರೆದು, ‘ಕೆಟ್ಟಿದೆ’ ಎಂದು ಬರೆದಿಟ್ಟ ಮೈಕುಗಳ ಗೂಡನ್ನು ಬಿಚ್ಚಿ ನೋಡೋಣ. ಮುಂದಿನ ಸಮ್ಮೇಳನದಲ್ಲಿ ಕಡೆಯ ಸಾಲಿನ ಅಜ್ಜಿಗೆ ತನ್ನ ಮೊಮ್ಮಗನ ಮಾತು ಕೇಳಿಸುವಂತಾದರೆ ಅಷ್ಟೇ ಸಾಕು.